ದಾವಣಗೆರೆಯ ಅಂಗಳದಲ್ಲಿ ಪಿಯೋನಿ: ಹಳೆಯ ಫ್ರಿಜ್ಜಿನೊಳಗೆ ಕಟ್ಟಿದ ಚಳಿಗಾಲ

ಪಿಯೋನಿ ತಂಪು ನಾಡಿನ, ದೊಡ್ಡ ಹೂ ಬಿಡುವ ಗೆಡ್ಡೆಯ ಗಿಡ. ಮೊದಲ ಸಲ ನಾನು ಪಿಯೋನಿಯೆಂದು ನಂಬಿ ನೆಟ್ಟ ಗೆಡ್ಡೆ ಪಿಯೋನಿಯಾಗಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಅಂತರ್ಜಾಲದ ಮಾರಾಟಗಾರರೊಬ್ಬರಿಂದ ತರಿಸಿದ ಮೂರು ಗೆಡ್ಡೆಗಳು ಹದಿನೈದು ದಿನದೊಳಗೆ ಮೊಳೆತು, ದೀಪಾವಳಿಯ ಹೊತ್ತಿಗೆ ಮೂರೂ ಡೇಲಿಯಾ ಹೂಗಳನ್ನು ಬಿಟ್ಟವು. ಹಣ ಹೋದದ್ದಕ್ಕಿಂತ ಒಂದು ಋತು ಹೋದದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಆದರೆ ಗೆಡ್ಡೆಯನ್ನು ನೋಡಿ ಗುರುತಿಸುವುದನ್ನು ಕಲಿತದ್ದು ಆಗಲೇ. ಡೇಲಿಯಾ ಗೆಡ್ಡೆ ಗೆಣಸಿನಂತೆ ನಡುವೆ ಉಬ್ಬಿ ಕತ್ತಿನ ಬಳಿ ಸಣ್ಣಗಾಗುತ್ತದೆ, ಅದರ ಕಣ್ಣುಗಳು ಮೊಳೆಯುವವರೆಗೆ ಕಾಣುವುದೇ ಕಷ್ಟ. ಪಿಯೋನಿಯದು ದಪ್ಪ ಕಂದು ಬೇರುಗಳ ಗೊಂಚಲು. ಅದರ ನೆತ್ತಿಯ ಮೇಲೆ ಗುಲಾಬಿ ಇಲ್ಲವೆ ಕಡುಗೆಂಪು ಬಣ್ಣದ, ಚೂಪಾದ, ಕಬ್ಬಿನ ಗೆಣ್ಣಿನ ಕಣ್ಣನ್ನು ಬಲ್ಲ ಯಾರಿಗಾದರೂ ತಕ್ಷಣ ಅರ್ಥವಾಗುವಂಥ ಕಣ್ಣುಗಳು ಎದ್ದು ಕಾಣುತ್ತವೆ. ಒಂದು ತುಂಡಿಗೆ ಮೂರರಿಂದ ಐದು ಕಣ್ಣು ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಗಿಡ ಬದುಕುತ್ತದೆ, ಆದರೆ ಹೂವಿಗಾಗಿ ಹಲವು ವರ್ಷ ಕಾಯಬೇಕಾಗುತ್ತದೆ.

ಅದೇ ನವೆಂಬರ್‌ನಲ್ಲಿ ಹಿಮಾಚಲದಲ್ಲಿ ಕೆಲಸಕ್ಕಿದ್ದ ಸಂಬಂಧಿಕರೊಬ್ಬರು ರಜೆಗೆ ಊರಿಗೆ ಬರುವಾಗ, ಅಲ್ಲಿನ ಒಂದು ಮನೆಯ ತೋಟದಿಂದ ಅಗೆದು ಬಿಡಿಸಿದ ಮೂರು ತುಂಡುಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ ತಂದುಕೊಟ್ಟರು. ತಳಿಯ ಹೆಸರು ಅವರಿಗೂ ಗೊತ್ತಿರಲಿಲ್ಲ. ಎಲೆ ಮತ್ತು ಹೂವನ್ನು ನೋಡಿದ ಮೇಲೆ ಅದು ತೋಟಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಪಿಯೋನಿಯಾ ಲ್ಯಾಕ್ಟಿಫ್ಲೋರಾ ಜಾತಿಯ ಒಂದು ಗುಲಾಬಿ ಬಣ್ಣದ ಅರೆಸುತ್ತಿನ ತಳಿ ಎಂದಷ್ಟೇ ಹೇಳಬಲ್ಲೆ. ಈ ಜಾತಿಯ ತವರು ಚೀನಾ, ಮಂಗೋಲಿಯಾ ಮತ್ತು ಸೈಬೀರಿಯಾದ ಕಡೆ. ಭಾರತಕ್ಕೂ ತನ್ನದೇ ಆದ ಪಿಯೋನಿ ಇದೆ: ಪಶ್ಚಿಮ ಹಿಮಾಲಯದ ಕಾಡಂಚಿನಲ್ಲಿ ಬಿಳಿಯ ಒಂಟಿಸುತ್ತಿನ ಹೂ ಬಿಡುವ ಪಿಯೋನಿಯಾ ಎಮೋಡಿ. ಎರಡಕ್ಕೂ ಸಮಾನವಾದ ಗುಣವೆಂದರೆ ಅವು ಹಿಮ ಬೀಳುವ ನಾಡಿನ ಗಿಡಗಳು ಎಂಬುದು, ಮತ್ತು ನನ್ನ ಮುಂದಿನ ಮೂರು ವರ್ಷಗಳ ಕೆಲಸವೆಲ್ಲ ಆ ಒಂದು ಗುಣದ ಸುತ್ತಲೇ ಸುತ್ತಿತು.

ಗೆಡ್ಡೆಯ ನಿದ್ದೆ

ನಮ್ಮ ಸೀಮೆಯ ಗೆಡ್ಡೆಗಳೂ ಮಲಗುತ್ತವೆ. ಸುವರ್ಣಗೆಡ್ಡೆಯನ್ನು ಕಿತ್ತು ಅಟ್ಟದ ಮೇಲೆ ಇಟ್ಟರೆ ಅದು ಚಳಿಗಾಲವಿಡೀ ಸುಮ್ಮನಿದ್ದು, ಮುಂಗಾರು ಇನ್ನೂ ದೂರವಿರುವಾಗಲೇ ಯಾರೂ ನೀರು ಕೊಡದಿದ್ದರೂ ಕಣ್ಣು ತೆರೆಯುತ್ತದೆ. ಕಾಡಿನ ಬೇಲಿಗಳ ಗೌರಿ ಹೂವಿನ ಗೆಡ್ಡೆ ಬೇಸಿಗೆಯ ಒಣ ನೆಲದಲ್ಲಿ ಮಲಗಿ ಮಳೆಗೆ ಏಳುತ್ತದೆ. ಇವು ಬರವನ್ನು ತಪ್ಪಿಸಿಕೊಳ್ಳಲು ಮಲಗುವ ಗಿಡಗಳು. ಪಿಯೋನಿ ಮಲಗುವುದು ಹಿಮವನ್ನು ತಪ್ಪಿಸಿಕೊಳ್ಳಲು. ಆದ್ದರಿಂದ ಚಳಿ ಬಂದು ಹೋಗಿದೆ ಎಂಬ ಲೆಕ್ಕ ಅದರೊಳಗೆ ಪೂರ್ತಿಯಾಗುವವರೆಗೆ ಅದು ಏಳುವುದಿಲ್ಲ, ಎದ್ದರೂ ಅರೆಮನಸ್ಸಿನಲ್ಲಿ ಏಳುತ್ತದೆ. ಸೇಬಿನ ಬೆಳೆಗಾರರು ತಂಪಿನ ಗಂಟೆಗಳು ಎಂದು ಲೆಕ್ಕ ಹಾಕುವುದೂ ಇದನ್ನೇ. ಸೇಬಿನಲ್ಲಿ ಕಡಿಮೆ ತಂಪಿಗೆ ಒಗ್ಗಿದ ಹರಿಮನ್-99ರಂಥ ತಳಿಗಳು ಬಂದಿವೆ, ಅವು ಬಯಲುಸೀಮೆಯಲ್ಲೂ ಕಾಯಿ ಬಿಡುತ್ತವೆ. ಪಿಯೋನಿಯಲ್ಲಿ ಬೇಗ ಅರಳುವ ತಳಿಗಳಿಗೆ ಸ್ವಲ್ಪ ಕಡಿಮೆ ಚಳಿ ಸಾಕಾಗುತ್ತದೆ, ಆದರೆ ಡಿಸೆಂಬರ್ ರಾತ್ರಿಯಲ್ಲೂ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ದಾವಣಗೆರೆಯ ಚಳಿ ಯಾವ ತಳಿಯ ಲೆಕ್ಕಕ್ಕೂ ಬರುವುದಿಲ್ಲ. ಗೆಡ್ಡೆಗೆ ಬೇಕಾದದ್ದು ಸೊನ್ನೆಯಿಂದ 5 ಡಿಗ್ರಿಯ ನಡುವಿನ ತಾಪದಲ್ಲಿ ಎಂಟರಿಂದ ಹತ್ತು ವಾರ.

ಇದನ್ನು ಓದಿ ತಿಳಿದಿದ್ದ ನಾನು ಮೊದಲ ವರ್ಷ ಆ ಮೂರು ತುಂಡುಗಳನ್ನು ಮನೆಯ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಯೇ ಇಟ್ಟೆ. ಅದು ಎರಡು ಕಾರಣಗಳಿಗೆ ತಪ್ಪು. ದಿನಕ್ಕೆ ಹತ್ತಾರು ಬಾರಿ ಬಾಗಿಲು ತೆರೆಯುವ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ತಾಪ 8 ಡಿಗ್ರಿಗಿಂತ ಕೆಳಗೆ ನಿಲ್ಲಲೇ ಇಲ್ಲ ಎಂಬುದು ಒಂದು. ಎರಡನೆಯದು ಇನ್ನೂ ಗಂಭೀರ: ಅದೇ ಡಬ್ಬಿಯಲ್ಲಿ ಸೇಬು, ಟೊಮೆಟೊ ಇದ್ದವು. ಮಾಗುವ ಹಣ್ಣುಗಳು ಎಥಿಲೀನ್ ಅನಿಲವನ್ನು ಬಿಡುತ್ತವೆ, ಅದು ಮಲಗಿರುವ ಗೆಡ್ಡೆಯೊಳಗಿನ ಎಳೆಯ ಮೊಗ್ಗಿಗೆ ಹಾನಿಕರ. ಆರು ವಾರದ ನಂತರ ತೆಗೆದು ನೋಡಿದಾಗ ಒಂದು ತುಂಡು ಬೂದುಬಣ್ಣದ ಬೂಷ್ಟು ಹಿಡಿದು ಮೆತ್ತಗಾಗಿತ್ತು. ಉಳಿದೆರಡನ್ನು 2023ರ ಜನವರಿ 10ರಂದು ನೆಟ್ಟೆ. ಎರಡೂ ಮೊಳೆತವು, ಎರಡೂ ಕೆಂಪು ಚಿಗುರನ್ನು ಚಾಚಿದವು, ಒಂದರಲ್ಲಿ ಕಡಲೆಕಾಳಿನ ಗಾತ್ರದ ಒಂದು ಮೊಗ್ಗೂ ಕಂಡಿತು. ಆ ವರ್ಷ ಫೆಬ್ರವರಿ 18ಕ್ಕೆ ಶಿವರಾತ್ರಿ. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಗುತ್ತದೆ ಎಂಬ ಮಾತಿನಂತೆಯೇ ಬಿಸಿಲು ಏರಿತು, ಮೊಗ್ಗು ಕಡಲೆಕಾಳಿನ ಗಾತ್ರದಲ್ಲೇ ನಿಂತು ಕಂದಾಗಿ ಒಣಗಿತು.

ಆ ಒಣಗಿದ ಮೊಗ್ಗನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗೆ ದಳಗಳೆಲ್ಲ ಮಡಿಕೆ ಮಡಿಕೆಯಾಗಿ, ಅಕ್ಕಿಯ ನುಚ್ಚಿಗಿಂತ ಸಣ್ಣದಾಗಿ, ತಮ್ಮ ತಮ್ಮ ಸ್ಥಾನದಲ್ಲೇ ಇದ್ದವು. ಹೂವು ಹುಟ್ಟಿರಲಿಲ್ಲ ಎಂದಲ್ಲ. ಹುಟ್ಟಿದ ಹೂವಿಗೆ ಬೆಳೆಯಲು ಹವೆ ಸಿಗಲಿಲ್ಲ. ಪಿಯೋನಿಗೆ ಎರಡು ಬಗೆಯ ತಂಪು ಬೇಕೆಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆಗ. ಮಲಗಿರುವಾಗ ಬೇಕಾದ ಕಡುಚಳಿಯನ್ನು ಒಂದು ಪೆಟ್ಟಿಗೆಯೊಳಗೆ ಮಾಡಿಕೊಡಬಹುದು. ಎದ್ದ ಮೇಲೆ ಮೊಗ್ಗು ದಪ್ಪವಾಗಲು ಬೇಕಾದ ಹದವಾದ ತಂಪನ್ನು, ಅಂದರೆ ಹಗಲು 20ರಿಂದ 22 ಡಿಗ್ರಿ ಮತ್ತು ರಾತ್ರಿ 10ರ ಆಸುಪಾಸನ್ನು, ನಾವು ಮಾಡಿಕೊಡಲಾರೆವು. ನಮ್ಮ ಊರಿನ ಅತ್ಯಂತ ತಂಪಾದ ಎಂಟು ವಾರಗಳಿಗೆ ಅದನ್ನು ಹೊಂದಿಸಬಹುದು ಅಷ್ಟೆ. ಹಾಗೆ ಹೊಂದಿಸಬೇಕಾದರೆ ಪೆಟ್ಟಿಗೆಯ ಚಳಿಗಾಲ ನಿಸರ್ಗದ ಚಳಿಗಾಲಕ್ಕಿಂತ ಮೊದಲೇ, ಹಸ್ತ ಮಳೆಯ ಹೊತ್ತಿಗೇ ಆರಂಭವಾಗಿ ಡಿಸೆಂಬರ್ ಮೊದಲ ವಾರಕ್ಕೆ ಮುಗಿಯಬೇಕು.

ಫ್ರಿಜ್ಜಿನ ರಿಪೇರಿ

ನೆರೆಮನೆಯವರು ಗುಜರಿಗೆ ಹಾಕಲಿದ್ದ 190 ಲೀಟರಿನ ಒಂಟಿ ಬಾಗಿಲ ಫ್ರಿಜ್ಜನ್ನು 2023ರ ಜುಲೈಯಲ್ಲಿ ಕೇಳಿ ತಂದುಕೊಂಡೆ. ಅದರ ದೋಷವೆಂದರೆ ಅದು ನಿಲ್ಲುತ್ತಲೇ ಇರಲಿಲ್ಲ. ಇಟ್ಟ ಹಾಲು ಗಡ್ಡೆಯಾಗುವವರೆಗೆ ಕಂಪ್ರೆಸರ್ ಓಡುತ್ತಿತ್ತು. ತಣಿಸುವ ವ್ಯವಸ್ಥೆ ಚೆನ್ನಾಗಿಯೇ ಇದೆ, ನಿಲ್ಲಿಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿರಲಿಲ್ಲ. ಪ್ಲಗ್ ಕಿತ್ತು, ಒಳಗಿನ ಥರ್ಮೋಸ್ಟಾಟ್, ಅಂದರೆ ತಾಪ ನೋಡಿ ಕಂಪ್ರೆಸರನ್ನು ಓಡಿಸಿ ನಿಲ್ಲಿಸುವ ಸ್ವಿಚ್ಚಿನ ಡಬ್ಬಿಯ ಸ್ಕ್ರೂ ಬಿಚ್ಚಿ, ಅದರ ಎರಡು ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿದರೆ, ಸಂವೇದಕದ ಕೊಳವೆಯನ್ನು ಎಷ್ಟು ತಣಿಸಿದರೂ ಸಂಪರ್ಕ ಕಡಿಯಲಿಲ್ಲ. ಒಳಗಿನ ಸಂಪರ್ಕದ ತುದಿಗಳು ಬೆಸೆದುಕೊಂಡಿದ್ದವು.

ಮುಂದಿನ ಕೆಲಸಕ್ಕೆ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಫ್ರಿಜ್ಜಿನ ಹಿಂಭಾಗದ ಪಟ್ಟಿಯಲ್ಲಿ ಶೀತಕದ, ಅಂದರೆ ಕೊಳವೆಗಳಲ್ಲಿ ಹರಿದು ತಣಿಸುವ ಅನಿಲದ ಹೆಸರು ಮುದ್ರಿತವಾಗಿರುತ್ತದೆ. ನನ್ನದರಲ್ಲಿ ಆರ್-134ಎ ಎಂದಿತ್ತು. ಅದು ಉರಿಯುವ ಅನಿಲವಲ್ಲ. ಈಚಿನ ಬಹುಪಾಲು ಫ್ರಿಜ್ಜುಗಳಲ್ಲಿರುವ ಆರ್-600ಎ ಐಸೊಬ್ಯೂಟೇನ್, ಅಂದರೆ ಅಡುಗೆ ಅನಿಲದ ಬಳಗದ್ದು, ಸೋರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಂಥ ಫ್ರಿಜ್ಜಿನ ಒಳಗೆ ರಿಲೇ ಅಥವಾ ಸ್ವಿಚ್ಚನ್ನು ಇಡಬಾರದು, ಕೊಳವೆಗಳ ಹತ್ತಿರ ತೂತು ಕೊರೆಯಬಾರದು. ಯಾವ ಅನಿಲವೇ ಇರಲಿ, ಫ್ರೀಜರಿನ ಮಂಜನ್ನು ಚಾಕುವಿನಿಂದ ಕೆತ್ತುವುದು ಫ್ರಿಜ್ಜನ್ನು ಕೊಲ್ಲುವ ಅತ್ಯಂತ ಸುಲಭದ ದಾರಿ.

ಹಳೆಯ ಥರ್ಮೋಸ್ಟಾಟಿನ ಜಾಗಕ್ಕೆ ಎಸ್‌ಟಿಸಿ-1000 ಎಂಬ ಡಿಜಿಟಲ್ ನಿಯಂತ್ರಕವನ್ನು ತಂದೆ. ಮೊಟ್ಟೆ ಕಾವು ಕೊಡುವ ಪೆಟ್ಟಿಗೆಗಳಲ್ಲಿ, ಮೀನಿನ ತೊಟ್ಟಿಗಳಲ್ಲಿ ಬಳಸುವುದರಿಂದ ಇದು ಎಲ್ಲೆಡೆ ಸಿಗುತ್ತದೆ. ಇದರ ಹಿಂಬದಿಯ 1 ಮತ್ತು 2ನೇ ಕಿಂಡಿಗಳಿಗೆ 230 ವೋಲ್ಟ್ ವಿದ್ಯುತ್ತು, 3 ಮತ್ತು 4ಕ್ಕೆ ತಾಪ ಸಂವೇದಕ, 5 ಮತ್ತು 6 ಬಿಸಿ ಮಾಡುವ ಸಾಧನಕ್ಕೆ, 7 ಮತ್ತು 8 ತಣಿಸುವ ಸಾಧನಕ್ಕೆ. ಥರ್ಮೋಸ್ಟಾಟಿಗೆ ಬರುತ್ತಿದ್ದ ಎರಡು ತಂತಿಗಳನ್ನು ಉದ್ದ ಮಾಡಿ ಹೊರತಂದು 7 ಮತ್ತು 8ಕ್ಕೆ ಜೋಡಿಸಿದೆ. ನಿಯಂತ್ರಕವನ್ನು ಫ್ರಿಜ್ಜಿನ ಹೊರಗೆ, ಗೋಡೆಗೆ ಹೊಡೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ. ಅರ್ಥಿಂಗ್ ತಂತಿ ಫ್ರಿಜ್ಜಿನ ಮೈಗೆ ಸರಿಯಾಗಿ ತಗುಲಿದೆಯೇ ಎಂಬುದನ್ನು ವಿದ್ಯುತ್ ಕೆಲಸ ಬಲ್ಲವರಿಂದ ಪರೀಕ್ಷಿಸಿಕೊಂಡ ಮೇಲೆಯೇ ಚಾಲೂ ಮಾಡಿದೆ. ನಿಯಂತ್ರಕದಲ್ಲಿ ಎಫ್1 ಎಂದರೆ ಬೇಕಾದ ತಾಪ, ಅದನ್ನು 3 ಡಿಗ್ರಿಗೆ ಇಟ್ಟೆ. ಎಫ್2 ಎಂದರೆ ವ್ಯತ್ಯಾಸ, ಅದನ್ನು 1 ಡಿಗ್ರಿಗೆ. ಹೀಗೆ ತಾಪ 4ಕ್ಕೆ ಏರಿದಾಗ ಕಂಪ್ರೆಸರ್ ಓಡುತ್ತದೆ, 3ಕ್ಕೆ ಇಳಿದಾಗ ನಿಲ್ಲುತ್ತದೆ. ಎಫ್3 ಕಂಪ್ರೆಸರನ್ನು ಕಾಯುವ ವಿರಾಮ, ಅದು 5 ನಿಮಿಷ. ನಿಂತ ಕಂಪ್ರೆಸರಿನ ಎರಡೂ ಬದಿಯ ಒತ್ತಡ ಸಮನಾಗಲು ಕೆಲವು ನಿಮಿಷ ಬೇಕು, ಅದಕ್ಕೆ ಮೊದಲೇ ಮತ್ತೆ ಚಾಲೂ ಮಾಡಿದರೆ ಮೋಟಾರು ತಿರುಗಲಾರದೆ ಬಿಸಿಯಾಗುತ್ತದೆ. ಪದೇ ಪದೇ ವಿದ್ಯುತ್ ಹೋಗಿ ಬರುವ ನಮ್ಮ ಬಡಾವಣೆಯಲ್ಲಿ ಈ ಐದು ನಿಮಿಷವೇ ಆ ಹಳೆಯ ಕಂಪ್ರೆಸರನ್ನು ಇಂದಿಗೂ ಬದುಕಿಸಿದೆ ಎಂದು ನಾನು ನಂಬುತ್ತೇನೆ.

ಸಂವೇದಕವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಮೂರು ವಾರ ಹಿಡಿಯಿತು. ಗಾಳಿಯಲ್ಲಿ ತೂಗುಹಾಕಿದಾಗ ಕಂಪ್ರೆಸರ್ ಗಳಿಗೆಗೊಮ್ಮೆ ಓಡಿ ನಿಲ್ಲುತ್ತಿತ್ತು. ಕುಂಡದ ಮಣ್ಣಿನ ಆಳಕ್ಕೆ ಚುಚ್ಚಿದಾಗ ಅದಕ್ಕೆ ವಿರುದ್ಧವಾದ ತೊಂದರೆ: ಮಣ್ಣು ನಿಧಾನವಾಗಿ ತಣಿಯುವುದರಿಂದ ಕಂಪ್ರೆಸರ್ ಗಂಟೆಗಟ್ಟಲೆ ಓಡಿ, ಮೇಲಿನ ಗಾಳಿ ಸೊನ್ನೆಗಿಂತ ಕೆಳಗಿಳಿದು, ಫ್ರೀಜರಿನ ಕೆಳಗಿದ್ದ ನೀರಿನ ಬಾಟಲಿ ಹೆಪ್ಪುಗಟ್ಟಿತು. ಕೊನೆಗೆ 100 ಮಿಲಿ ನೀರು ಹಿಡಿಯುವ ಔಷಧದ ಬಾಟಲಿಯಲ್ಲಿ ಸಂವೇದಕವನ್ನು ಅದ್ದಿ, ಪೆಟ್ಟಿಗೆಯ ನಡುಮಟ್ಟದಲ್ಲಿ ಕಟ್ಟಿದಾಗ ಹದ ಸಿಕ್ಕಿತು. ಆದರೂ ಮೇಲೆ 1 ಡಿಗ್ರಿ, ಕೆಳಗೆ 7 ಡಿಗ್ರಿ ಎಂಬ ವ್ಯತ್ಯಾಸ ಉಳಿದಿತ್ತು. ಕಂಪ್ಯೂಟರಿನ ಹಳೆಯ 12 ವೋಲ್ಟ್ ಫ್ಯಾನನ್ನು ಕೆಳಮೂಲೆಯಲ್ಲಿ ಮೇಲ್ಮುಖವಾಗಿ ಇಟ್ಟು, ಅದರ ತಂತಿಯನ್ನು ಕೀಲಿನ ಬದಿಯ ರಬ್ಬರಿನಡಿ ಹೊರತಂದ ಮೇಲೆ ಆ ಅಂತರ ಒಂದೂವರೆ ಡಿಗ್ರಿಗೆ ಇಳಿಯಿತು. ಬಾಗಿಲಿನ ರಬ್ಬರು ಗಟ್ಟಿಯಾಗಿ ಒಂದು ಕಡೆ ಎದ್ದಿತ್ತು; ಕಾಗದದ ಚೀಟಿ ಇಟ್ಟು ಬಾಗಿಲು ಮುಚ್ಚಿ ಎಳೆದರೆ ಅದು ಸಲೀಸಾಗಿ ಬರುತ್ತಿತ್ತು. ಬಿಸಿನೀರಿನ ಬಟ್ಟೆಯಿಂದ ಕಾಸಿ, ಎಳೆದು ಕೂರಿಸಿ, ತೆಳುವಾಗಿ ವ್ಯಾಸಲೀನ್ ಸವರಿದ್ದರಿಂದ ಅದೂ ಸರಿಹೋಯಿತು.

ಫ್ರಿಜ್ಜಿನ ಗಾಜಿನ ತಟ್ಟೆಗಳು ಒದ್ದೆ ಮಣ್ಣಿನ ಕುಂಡದ ಭಾರವನ್ನು ಹೊರಲಾರವು. ನಾನು ಕುಂಡವಾಗಿ ಬಳಸುವ ಹನ್ನೆರಡು ಇಂಚಿನ ಬಟ್ಟೆಯ ಚೀಲವೊಂದು ಹದವಾದ ತೇವದಲ್ಲಿ ಸುಮಾರು 18 ಕಿಲೋ ತೂಗುತ್ತದೆ. ಆದ್ದರಿಂದ ಒಂದಿಂಚಿನ ಕಬ್ಬಿಣದ ಆಂಗಲ್‌ನಲ್ಲಿ ಎರಡಂತಸ್ತಿನ ಸಣ್ಣ ಸ್ಟ್ಯಾಂಡನ್ನು ಬೆಸುಗೆ ಹಾಕಿಸಿ, ಬಣ್ಣ ಬಳಿದು ಒಳಗಿಟ್ಟೆ. ಉಳಿದ ಸಂದುಗಳಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನು ನಿಲ್ಲಿಸಿದೆ. ನಾಲ್ಕು ಗಂಟೆ ವಿದ್ಯುತ್ ಹೋದ ದಿನ ಒಳಗಿನ ತಾಪ 6 ಡಿಗ್ರಿಯನ್ನು ದಾಟದಂತೆ ಹಿಡಿದದ್ದು ಆ ಬಾಟಲಿಗಳು.

ಮಣ್ಣು, ನೀರು ಮತ್ತು ಪೆಟ್ಟಿಗೆಯೊಳಗಿನ ಒಂಬತ್ತು ವಾರ

ದಾವಣಗೆರೆಯ ಸುತ್ತಲಿನ ಎರೆಮಣ್ಣು ಮೆಕ್ಕೆಜೋಳಕ್ಕೂ ಹತ್ತಿಗೂ ಚಿನ್ನ, ಪಿಯೋನಿಗೆ ಅದು ಸಲ್ಲದು. ಮಳೆಗೆ ಉಬ್ಬಿ ನೀರನ್ನು ಹಿಡಿದುಕೊಳ್ಳುವ ಆ ಮಣ್ಣಿನಲ್ಲಿ ಈ ದಪ್ಪ ಬೇರುಗಳು ಒಂದೇ ಮಳೆಗಾಲದಲ್ಲಿ ಕೊಳೆಯುತ್ತವೆ. ನಾನು ಬಳಸಿದ್ದು ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ಅಕ್ಕಿ ಗಿರಣಿಯಿಂದ ತಂದ ಸುಟ್ಟ ಉಮಿ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಹಳೆಯ ಎರೆಹುಳು ಗೊಬ್ಬರ ಒಂದು ಪಾಲು. ಜೊತೆಗೆ ಕುಂಡಕ್ಕೊಂದು ಮುಷ್ಟಿ ಎಲುಬಿನ ಪುಡಿ ಮತ್ತು ಒಂದು ಮುಷ್ಟಿ ಬೇವಿನ ಹಿಂಡಿ. ನೀರು ಹೊಯ್ದರೆ ಎಣಿಸುವಷ್ಟರಲ್ಲಿ ತಳದಿಂದ ಬಸಿಯಬೇಕು. ಸಾರಜನಕ ಹೆಚ್ಚಿರುವ ಗೊಬ್ಬರ ಇದಕ್ಕೆ ಬೇಡ. ಎಲೆ ಸೊಂಪಾಗಿ, ಕಾಂಡ ಮೆತ್ತಗಾಗಿ, ಮೊಗ್ಗು ಕಾಣೆಯಾಗುತ್ತದೆ. ನಮ್ಮ ಕೊಳವೆಬಾವಿಯ ನೀರಿನ ಸುಣ್ಣದಂಶ ಪಿಯೋನಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಏಕೆಂದರೆ ಅದು ತಟಸ್ಥ ಅಥವಾ ತುಸು ಕ್ಷಾರದ ಮಣ್ಣನ್ನು ಸಹಿಸುವ ಗಿಡ. ಆದರೆ ಲವಣ ಮೇಲ್ಮಣ್ಣಿನಲ್ಲಿ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ, ಅದನ್ನು ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆನೀರಿನಿಂದ ತೊಳೆದು ಬಸಿಯಬಿಡುತ್ತೇನೆ.

ನೆಡುವ ಆಳದ ವಿಷಯದಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಕಟ್ಟುನಿಟ್ಟು ಬೇಕು. ಹಿಮದ ನಾಡಿನಲ್ಲಿ ಕಣ್ಣುಗಳ ಮೇಲೆ ಎರಡಿಂಚು ಮಣ್ಣು ಹಾಕುತ್ತಾರೆ. ನಮ್ಮಲ್ಲಿ ತೋರುಬೆರಳಿನ ಮೊದಲ ಗೆಣ್ಣಿನಷ್ಟು, ಅಂದರೆ ಎರಡು ಸೆಂಟಿಮೀಟರ್ ಮಣ್ಣು ಸಾಕು. ಆಳ ಹೆಚ್ಚಾದ ಪಿಯೋನಿ ವರ್ಷಗಟ್ಟಲೆ ಬರಿಯ ಎಲೆಯನ್ನೇ ಬಿಡುತ್ತದೆ, ಅದಕ್ಕೆ ಬೇರೆ ಮದ್ದಿಲ್ಲ, ಅಗೆದು ಮೇಲಕ್ಕೆತ್ತಿ ನೆಡಬೇಕು.

ಮೊದಲ ವರ್ಷದಂತೆ ಗೆಡ್ಡೆಯನ್ನು ಕಿತ್ತು ತಣಿಸುವ ಬದಲು ಈ ಸಲ ಕುಂಡವನ್ನೇ ಪೆಟ್ಟಿಗೆಯೊಳಗೆ ಇಳಿಸಿದೆ. ಪಿಯೋನಿಯ ಬೇರಿಗೆ ಪ್ರತಿ ವರ್ಷ ಕೀಳಿಸಿಕೊಳ್ಳುವುದು ಆಗದ ಮಾತು. ನೆಲೆಯಾಗಿ ನಿಲ್ಲಲಿಕ್ಕೇ ಅದಕ್ಕೆ ಎರಡು ಮೂರು ವರ್ಷ ಬೇಕು. ಸೆಪ್ಟೆಂಬರ್ ಮೂರನೆಯ ವಾರದಿಂದ ನೀರನ್ನು ಕಡಿಮೆ ಮಾಡುತ್ತ ಬಂದು, ಎಲೆಗಳು ಹಳದಿಗೆ ತಿರುಗಿದ ಮೇಲೆ ಕಾಂಡಗಳನ್ನು ಬುಡಕ್ಕೆ ಕತ್ತರಿಸಿ, ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಕೂಡಿದ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ ಮೇಲ್ಮಣ್ಣಿಗೆ ಹೊಯ್ದು, ಎರಡು ದಿನ ಆರಲು ಬಿಟ್ಟು, 2023ರ ಅಕ್ಟೋಬರ್ 1ರಂದು ಎರಡೂ ಕುಂಡಗಳನ್ನು ಒಳಗಿಟ್ಟೆ. ಹಿಂಡಿದ ಬಟ್ಟೆಯಷ್ಟು ತೇವ ಮಣ್ಣಿನಲ್ಲಿರಬೇಕು. ಒಳಗಿನ ಮಣ್ಣು 3 ಡಿಗ್ರಿಗೆ ಬರಲು ಎರಡೂವರೆ ದಿನ ಬೇಕಾಯಿತು. ವಾರಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಿ, ಫ್ರೀಜರಿನ ಮಂಜನ್ನು ತಾನಾಗಿ ಕರಗಲು ಬಿಟ್ಟು ಒರೆಸುವುದು, ಬೂಷ್ಟು ನೋಡುವುದು, ತಾಪ ಬರೆದಿಡುವುದು, ಇಷ್ಟೇ ಕೆಲಸ. ಆಯುಧಪೂಜೆಯ ದಿನ ತಾಯಿ ಮನೆಯ ಉಪಕರಣಗಳ ಜೊತೆಗೆ ಆ ಪೆಟ್ಟಿಗೆಗೂ ಕುಂಕುಮವಿಟ್ಟು ಸೇವಂತಿಗೆ ಏರಿಸಿದರು. ಒಳಗೆ ಜೀವವಿದೆ ಎಂಬುದು ಅವರ ಮಾತಾಗಿತ್ತು.

ಏಳುವುದು ಮತ್ತು ಅರಳುವುದು

ನವೆಂಬರ್ 28ರಿಂದ ದಿನಕ್ಕೊಂದು ಡಿಗ್ರಿಯಂತೆ ತಾಪವನ್ನು 3ರಿಂದ 10ಕ್ಕೆ ಏರಿಸಿ, ಡಿಸೆಂಬರ್ 5ರಂದು ಕುಂಡಗಳನ್ನು ಹೊರತೆಗೆದೆ. ಪೂರ್ವದ ಜಗಲಿಯಲ್ಲಿ ಬೆಳಗಿನ ಬಿಸಿಲು ಹತ್ತೂವರೆಯವರೆಗೆ ಬೀಳುತ್ತದೆ, ಆಮೇಲೆ ಗೋಡೆಯ ನೆರಳು. ಪ್ರತಿಯೊಂದು ಬಟ್ಟೆಯ ಚೀಲವನ್ನೂ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಮಾತ್ರ ಸದಾ ಒದ್ದೆಯಾಗಿಟ್ಟೆ. ಮಡಕೆಯ ನೀರು ತಣ್ಣಗಾಗುವ ಕ್ರಮದಲ್ಲೇ ಮರಳಿನ ನೀರು ಕುಂಡದ ಮೈಯಿಂದ ಆವಿಯಾಗುತ್ತ ಬೇರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಫೆಬ್ರವರಿಯ ಒಂದು ಮಧ್ಯಾಹ್ನ ಪಕ್ಕದ ಕಪ್ಪು ಪ್ಲಾಸ್ಟಿಕ್ ಕುಂಡದ ಮಣ್ಣು 36 ಡಿಗ್ರಿ ತೋರಿಸುತ್ತಿದ್ದಾಗ ಇದರೊಳಗೆ 26 ಇತ್ತು. ಇಡೀ ಪ್ರಯೋಗದಲ್ಲಿ ಅತ್ಯಂತ ಕಡಿಮೆ ಖರ್ಚಿನ ಮತ್ತು ಅತ್ಯಂತ ಹೆಚ್ಚು ಫಲ ಕೊಟ್ಟ ಭಾಗ ಇದು ಎಂಬುದು ನನ್ನ ಅಭಿಪ್ರಾಯ.

ಡಿಸೆಂಬರ್ 21ರಂದು ಮೊದಲ ಕುಂಡದಲ್ಲಿ ನಾಲ್ಕು, ಎರಡನೆಯದರಲ್ಲಿ ಎರಡು ಚಿಗುರುಗಳು ಮಣ್ಣನ್ನು ಒಡೆದು ಬಂದವು. ಬೀಟ್‌ರೂಟಿನ ಬಣ್ಣದ, ಮಡಚಿದ ಬೆರಳುಗಳಂತಿದ್ದ ಆ ಚಿಗುರುಗಳು ದಿನಕ್ಕೆ ಎರಡು ಸೆಂಟಿಮೀಟರಿನಂತೆ ಏರಿದ್ದನ್ನು ಅಳತೆಪಟ್ಟಿ ಹಿಡಿದು ಬರೆದಿಟ್ಟಿದ್ದೇನೆ. ಮೊದಲ ವರ್ಷ ಇದೇ ಎತ್ತರಕ್ಕೆ ಬರಲು ಎರಡರಷ್ಟು ದಿನ ಬೇಕಾಗಿತ್ತು. ತಂಪು ಪೂರ್ತಿಯಾದ ಗೆಡ್ಡೆಗೂ ಅರ್ಧಕ್ಕೆ ಎಬ್ಬಿಸಿದ ಗೆಡ್ಡೆಗೂ ಇರುವ ವ್ಯತ್ಯಾಸ ಏಳುವ ರಭಸದಲ್ಲೇ ಕಾಣುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮೊದಲ ಕುಂಡದಲ್ಲಿ ಎರಡು ಮೊಗ್ಗುಗಳಿದ್ದವು. ಸಣ್ಣದನ್ನು ಚಿವುಟಿ ಒಂದನ್ನೇ ಉಳಿಸಿದೆ.

ಆ ಮೊಗ್ಗಿನ ಹಸಿರು ಹೊದಿಕೆಯ ಮೇಲೆ ಜೇನಿನಂಥ ಅಂಟು ಒಸರತೊಡಗಿತು, ಅದರ ಹಿಂದೆಯೇ ಕಟ್ಟಿರುವೆಗಳ ಸಾಲು ಬಂದಿತು. ನೋಡಿದವರೆಲ್ಲ ಇರುವೆ ಪುಡಿ ಹಾಕಲು ಹೇಳಿದರು. ಹಾಕಲಿಲ್ಲ. ಪಿಯೋನಿ ಮೊಗ್ಗಿನ ಹೊರಮೈಯಲ್ಲಿ ಮಕರಂದದ ಗ್ರಂಥಿಗಳಿವೆ, ಇರುವೆಗಳು ಅದನ್ನು ತಿಂದು ಹೋಗುತ್ತವೆ, ದಳವನ್ನು ಮುಟ್ಟುವುದಿಲ್ಲ. ಬದಲಿಗೆ ಮೊಗ್ಗು ತಿನ್ನುವ ಹುಳುಗಳನ್ನು ಹತ್ತಿರ ಬಿಡುವುದಿಲ್ಲ. ಇರುವೆ ಮುಟ್ಟದಿದ್ದರೆ ಹೂವು ಬಿಚ್ಚುವುದಿಲ್ಲ ಎಂಬ ನಂಬಿಕೆ ಪಿಯೋನಿ ಬೆಳೆಯುವ ನಾಡುಗಳಲ್ಲಿ ಹಳೆಯದು, ಅದೂ ನಿಜವಲ್ಲ.

2024ರ ಫೆಬ್ರವರಿ 11ರ ಬೆಳಿಗ್ಗೆ ಆ ಮೊಗ್ಗು ಅರಳಿತು. ಅಗಲ 9 ಸೆಂಟಿಮೀಟರ್. ತಂಪು ನಾಡಿನಲ್ಲಿ ಇಂಥ ತಳಿಗಳು 15 ಸೆಂಟಿಮೀಟರಿನವರೆಗೆ ಅರಳುತ್ತವೆ. ಹೊರದಳಗಳು ನಮ್ಮ ನಾಟಿ ಗುಲಾಬಿಯ ಬಣ್ಣದವು, ನಡುವೆ ಹಳದಿ ಕೇಸರಗಳ ದಟ್ಟ ಮುಡಿ, ಗುಲಾಬಿಗೂ ನಿಂಬೆಗೂ ನಡುವಿನ ತೆಳುವಾದ ಪರಿಮಳ. ಬಿಸಿಲಿಗೆ ಬಿಡದೆ ನೆರಳಿನಲ್ಲೇ ಇಟ್ಟರೂ ನಾಲ್ಕನೆಯ ಸಂಜೆಗೆ ದಳಗಳು ಉದುರಿದವು. ಆ ನಾಲ್ಕು ದಿನ ನಾನು ಕೆಲಸಕ್ಕೆ ಹೊರಡುವ ಮುನ್ನ ಮತ್ತು ಬಂದ ಕೂಡಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಎರಡನೆಯ ಕುಂಡ ಎಲೆಯಷ್ಟನ್ನೇ ಬಿಟ್ಟಿತು.

ಹೂವಿನ ನಂತರದ ಏಳು ತಿಂಗಳು

ಹೂವು ಉದುರಿದ ಮೇಲೆ ಈ ಗಿಡವನ್ನು ಮರೆಯುವುದು ಸುಲಭ, ಮತ್ತು ಅಲ್ಲಿಯೇ ಮುಂದಿನ ವರ್ಷದ ಹೂವು ಕೈತಪ್ಪುತ್ತದೆ. ಮುಂದಿನ ಋತುವಿನ ಕಣ್ಣುಗಳು ಈಗಿನ ಎಲೆಗಳು ದುಡಿದು ಕೂಡಿಸಿದ ಆಹಾರದಿಂದಲೇ ಮಣ್ಣೊಳಗೆ ರೂಪುಗೊಳ್ಳುತ್ತವೆ. ಆದ್ದರಿಂದ ಎಲೆಗಳನ್ನು ಸೆಪ್ಟೆಂಬರ್‌ವರೆಗೆ ಹಸಿರಾಗಿ ಉಳಿಸುವುದು ಫ್ರಿಜ್ಜಿನ ಕೆಲಸದಷ್ಟೇ ಮುಖ್ಯ. 2023ರ ಮಳೆ ಕೈಕೊಟ್ಟಿದ್ದರಿಂದ 2024ರ ಬೇಸಿಗೆ ನಮ್ಮ ಕಡೆ ಬಹಳ ಕಠಿಣವಾಗಿತ್ತು. ಏಪ್ರಿಲ್ ಕೊನೆಗೆ ಅಂಗಳದ ತಾಪಮಾಪಕ 40 ದಾಟಿತು, ಕೊಳವೆಬಾವಿಯ ನೀರು ದಿನ ಬಿಟ್ಟು ದಿನವಾಯಿತು. ಮೊದಲ ಕುಂಡಕ್ಕೆ ಶೇಕಡಾ 50ರ ನೆರಳುಪರದೆ ಕಟ್ಟಿದ್ದೆ, ಎರಡನೆಯದಕ್ಕೆ ಪರದೆ ಸಾಲದೆ ಮಾವಿನ ಗಿಡದ ನೆರಳನ್ನೇ ನಂಬಿದ್ದೆ. ಮಧ್ಯಾಹ್ನದ ಎರಡು ಗಂಟೆ ಆ ನೆರಳು ಸರಿಯುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ. ಮೇ ಎರಡನೆಯ ವಾರಕ್ಕೆ ಅದರ ಎಲೆಯ ಅಂಚುಗಳೆಲ್ಲ ಸುಟ್ಟು, ತಿಂಗಳ ಕೊನೆಗೆ ಗಿಡ ಬೋಳಾಯಿತು.

ಮುಂಗಾರಿನಲ್ಲಿ ತೊಂದರೆ ಬೇರೆ ಬಗೆಯದು. ಎಲೆ ಒದ್ದೆಯಾಗಿಯೇ ಉಳಿದರೆ ಬೊಟ್ರೈಟಿಸ್ ಎಂಬ ಬೂದು ಬೂಷ್ಟು ಕಾಂಡದ ಬುಡವನ್ನು ಕಪ್ಪಾಗಿಸಿ ಮಲಗಿಸುತ್ತದೆ. ಕುಂಡಗಳನ್ನು ಮಳೆಯ ಎರಚಲು ಬೀಳದ ಕಡೆ ಸರಿಸಿ, ನೀರನ್ನು ಬುಡಕ್ಕೆ ಮಾತ್ರ ಕೊಟ್ಟು, ಕಪ್ಪಾದ ಎಲೆಯನ್ನು ಕಂಡ ದಿನವೇ ಕತ್ತರಿಸಿ ಸುಟ್ಟೆ. ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಮೇಲ್ಮಣ್ಣನ್ನು ಕುಂಚದಿಂದ ಸರಿಸಿ ನೋಡಿದಾಗ ಎರಡೂ ಕುಂಡಗಳ ಬೇಸಿಗೆಯ ಕಥೆ ಅಲ್ಲಿ ಬರೆದಂತೆ ಇತ್ತು. ಮೊದಲನೆಯದರಲ್ಲಿ ಹೆಬ್ಬೆರಳಿನ ತುದಿಯಷ್ಟು ದಪ್ಪದ ಆರು ಕಣ್ಣುಗಳು, ಎರಡನೆಯದರಲ್ಲಿ ತೊಗರಿಕಾಳಿನಷ್ಟು ಸಣ್ಣ ಎರಡು. 2024ರ ಸೆಪ್ಟೆಂಬರ್ 22ರಂದು ಪೆಟ್ಟಿಗೆಗೆ ಹೋದ ಅವು ನವೆಂಬರ್ 27ರಂದು ಹೊರಬಂದವು. ಈ ಸಲ ಒಂಬತ್ತು ದಿನ ಮುಂಚಿತವಾಗಿ ಇಟ್ಟದ್ದು ಹೂವು ಜನವರಿಯಲ್ಲೇ ಬರಲೆಂದು. ಮೊದಲ ಕುಂಡ ಮೂರು ಮೊಗ್ಗು ಹಿಡಿದು, 2025ರ ಜನವರಿ 29 ಮತ್ತು ಫೆಬ್ರವರಿ 2ರಂದು ಎರಡನ್ನು ಅರಳಿಸಿತು. ದೊಡ್ಡದು 11 ಸೆಂಟಿಮೀಟರ್, ಐದು ದಿನ ನಿಂತಿತು. ಮೂರನೆಯದು ಅರ್ಧಕ್ಕೇ ಒಣಗಿತು. ಎರಡನೆಯ ಕುಂಡ ಎರಡು ಎಲೆ ಬಿಟ್ಟು ನಿಂತಿದೆ, ಅದನ್ನು ಬದುಕಿಸಿಕೊಳ್ಳುವುದೇ ಈಗಿನ ಗುರಿ.

ಖರ್ಚಿನ ಲೆಕ್ಕವನ್ನೂ ಬರೆದಿಡುತ್ತೇನೆ. ನಿಯಂತ್ರಕ, ತಂತಿ, ಡಬ್ಬಿ ಸೇರಿ ಸುಮಾರು 1,200 ರೂಪಾಯಿ, ಸ್ಟ್ಯಾಂಡಿಗೆ 900, ಮಣ್ಣಿನ ಕುಂಡಗಳಿಗೆ 700. ಪೆಟ್ಟಿಗೆ ಓಡುವ ಒಂಬತ್ತೂವರೆ ವಾರದಲ್ಲಿ ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ತು. ಇದನ್ನು ಮಾಡಬಯಸುವವರು ಬೇಗ ಅರಳುವ, ಒಂಟಿಸುತ್ತಿನ ಅಥವಾ ಅರೆಸುತ್ತಿನ ತಳಿಯನ್ನೇ ಹುಡುಕಬೇಕು. ಚಿತ್ರಗಳಲ್ಲಿ ಕಾಣುವ ನೂರಾರು ದಳಗಳ ತುಂಬುಸುತ್ತಿನ ತಳಿಗಳಿಗೆ ಮೊಗ್ಗು ಬಿಚ್ಚಲು ಇನ್ನೂ ಹೆಚ್ಚು ದಿನ ಬೇಕು, ಆ ದಿನಗಳು ನಮ್ಮ ಪಂಚಾಂಗದಲ್ಲಿ ಇಲ್ಲ.

2025ರ ಸೆಪ್ಟೆಂಬರ್ 20ರ ನಮೂದು ಇದು. ಕಾಂಡಗಳನ್ನು ಇಂದು ಕತ್ತರಿಸಿದೆ. ಮೊದಲ ಕುಂಡದಲ್ಲಿ ಎಂಟು ಕಣ್ಣು, ಎರಡನೆಯದರಲ್ಲಿ ಮೂರು. ಬಾಗಿಲಿನ ರಬ್ಬರು ಮೇಲ್ಮೂಲೆಯಲ್ಲಿ ಮತ್ತೆ ಎದ್ದಿದ್ದರಿಂದ ಕಾಸಿ ಕೂರಿಸಿದ್ದೇನೆ, ಫ್ಯಾನನ್ನು ಬದಲಿಸಿದ್ದೇನೆ. ಖಾಲಿ ಪೆಟ್ಟಿಗೆ ನಿನ್ನೆ ರಾತ್ರಿಯಿಂದ 3 ಡಿಗ್ರಿಯಲ್ಲಿ ನಿಂತಿದೆ, ಮಣ್ಣು ಇನ್ನೂ ಸ್ವಲ್ಪ ಆರಬೇಕು. ನಾಡಿದ್ದು ಬೆಳಿಗ್ಗೆ ಕುಂಡಗಳನ್ನು ಒಳಗಿಡುತ್ತೇನೆ.